ಮ್ಯಾಚಿಂಗ್ ಭಾವನ ಬ್ಲೂ-ರೇ

ನಮ್ಮ ಭಾವನನ್ನು ಬೀದಿಯವರೆಲ್ಲ ಮ್ಯಾಚಿಂಗ್ ಅಂತಲೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಒಂದಿದೆ, ಅದು ಅವರಿಗೇ ಮರೆತು ಹೋಗಿರಬೇಕು. ಬಟ್ಟೆ ಅಂಗಡಿಗಳ ಸಾಲಿನ ಕೊನೆಯಲ್ಲಿ ಅವರದೊಂದು ಗೂಡಿನಂಥ ಅಂಗಡಿ. ದಾರ, ಗುಂಡಿ, ಜಿಪ್ಪು, ಹುಕ್ಕು, ಲೈನಿಂಗ್ ಬಟ್ಟೆ ಮಾರುತ್ತಾರೆ. ದರ್ಜಿಗಳು ಬಟ್ಟೆಯ ಚೂರು ತಂದು ಇದಕ್ಕೆ ಮ್ಯಾಚ್ ಆಗುವ ದಾರ ಕೊಡಿ ಅನ್ನುತ್ತಾರೆ. ಬೇರೆಯವನಾದರೆ ಕೈಗೆ ಸಿಕ್ಕ ಉರುಳೆ ಕೊಟ್ಟು ಕಳಿಸುತ್ತಾನೆ. ಭಾವ ಹಾಗಲ್ಲ. ಚೂರನ್ನೂ ಉರುಳೆಯನ್ನೂ ಹಿಡಿದು, ಚಪ್ಪಲಿ ಮೆಟ್ಟಿ, ಅಂಗಡಿಯಿಂದ ಇಳಿದು ರಸ್ತೆಯ ಬಿಸಿಲಿಗೆ ಹೋಗುತ್ತಾರೆ. ಟ್ಯೂಬ್‌ಲೈಟು ಸುಳ್ಳು ಹೇಳುತ್ತದಂತೆ. ಬಿಸಿಲಲ್ಲಿ ಎರಡನ್ನೂ ಒತ್ತಟ್ಟಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ತಲೆ ಆಡಿಸಿ, ಒಳಗೆ ಬಂದು ಇನ್ನೊಂದು ಉರುಳೆ ಹಿಡಿದು ಮತ್ತೆ ಇಳಿಯುತ್ತಾರೆ. ಆ ರಸ್ತೆಯಲ್ಲಿ ಸೈಕಲ್ ಹೊಡೆಯುವವರು ಅವರನ್ನು ಲೈಟುಕಂಬದ ಲೆಕ್ಕಕ್ಕೆ ಹಿಡಿದು ಬಳಸಿಕೊಂಡು ಹೋಗುತ್ತಾರೆ.

ಕಪ್ಪು ದಾರ ಕೇಳಿದವರ ಗತಿಯಂತೂ ಕೇಳಬೇಡಿ.

"ಕಪ್ಪಂದ್ರೆ ಯಾವ ಕಪ್ಪು? ಕಾಗೆ ಕಪ್ಪೋ, ಇದ್ದಿಲು ಕಪ್ಪೋ, ಹಳೇ ಛತ್ರಿ ಕಪ್ಪೋ?"

ಕೇಳಿದವರು ಕಣ್ಣು ಪಿಳಿಪಿಳಿ ಬಿಡುತ್ತಾರೆ. ಎರಡು ಕಪ್ಪು ಮ್ಯಾಚ್ ಆಗದಿದ್ದರೆ ಭಾವ ಮಾಲು ಕೊಡುವುದೇ ಇಲ್ಲ. ಕೈ ಮುಗಿದು ಕೇಳಿದರೂ ಕೊಡುವುದಿಲ್ಲ. ನಮ್ಮ ಅಂಗಡಿಯಿಂದ ಹೋದದ್ದು ಅಂತ ನಾಳೆ ಯಾರಾದರೂ ಬೆರಳು ತೋರಿಸಿದರೆ ತಾನು ಹೇಗೆ ತಲೆಯೆತ್ತಿ ಓಡಾಡಲಿ ಅನ್ನುವುದು ಅವರ ವಾದ. ನಲವತ್ತು ವರ್ಷದಿಂದ ಊರಿನ ಯಾವ ಗುಂಡಿಗೂ ಯಾರೂ ಬೆರಳು ತೋರಿಸಿದ್ದನ್ನು ನಾನಂತೂ ಕಂಡಿಲ್ಲ.

ನಾನು ಅವರ ಹೆಂಡತಿಯ ತಮ್ಮ. ಶಾಲೆಯ ವ್ಯಾನು ಓಡಿಸುತ್ತೇನೆ. ಬೆಳಿಗ್ಗೆ ಮಕ್ಕಳನ್ನು ಇಳಿಸಿದ ಮೇಲೆ ಮಧ್ಯಾಹ್ನದವರೆಗೆ ವ್ಯಾನೂ ಖಾಲಿ, ನಾನೂ ಖಾಲಿ. ಇದು ಭಾವನಿಗೆ ಗೊತ್ತಿರುವುದೇ ನನ್ನ ಗ್ರಹಚಾರ.

ಭಾವನಿಗೆ ಸಿನಿಮಾ ಅಂದರೆ ಪ್ರಾಣ. ಆದರೆ ಇಡೀ ಜನ್ಮದಲ್ಲಿ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವರಲ್ಲ. ಹೆಸರುಗಳು ಮುಗಿಯುವುದರೊಳಗೆ ಆಕಳಿಕೆ, ನಾಯಕ ಬರುವ ಹೊತ್ತಿಗೆ ಗೊರಕೆ. ಮದುವೆಯಾದ ಹೊಸದರಲ್ಲಿ ಅಕ್ಕನಿಗೆ ಥಿಯೇಟರಿನಲ್ಲಿ ತಲೆ ತಗ್ಗಿಸುವಂತಾಗುತ್ತಿತ್ತಂತೆ. ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ಗಂಡ ನಿದ್ದೆ ಮಾಡಿ ಕಳೆದುಕೊಂಡ ಕಥೆಯನ್ನು ಮಾರನೇ ದಿನ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಹೇಳುವುದು. ಗುಂಡಿಗಳನ್ನು ಅಳತೆ ಪ್ರಕಾರ ಡಬ್ಬಿಗೆ ಹಾಕುತ್ತ ಅವಳು ಹೇಳುತ್ತಾಳೆ, ಉರುಳೆಗಳ ಧೂಳು ಒರೆಸುತ್ತ ಭಾವ "ಆಮೇಲೆ?" ಅನ್ನುತ್ತಾರೆ. ಅಕ್ಕ ಹೇಳುವ ರೀತಿಯೇ ಹಾಗಿತ್ತು. ಖಳನ ಮಾತಿಗೆ ಖಳನ ಗಂಟಲು, ಅತ್ತೆಯ ಮಾತಿಗೆ ಅತ್ತೆಯ ಮೂಗು. ಪಕ್ಕದ ಪರದೆ ಅಂಗಡಿಯವನು ಕಥೆ ಮುಗಿಯುವವರೆಗೆ ತನ್ನ ಅಂಗಡಿಯ ಷಟರ್ ಎತ್ತುತ್ತಿರಲಿಲ್ಲ, ಸದ್ದಾಗುತ್ತದೆ ಅಂತ.

ಇದಕ್ಕೆಲ್ಲ ಕುತ್ತು ಬಂದದ್ದು ಅಕ್ಕನ ಕಿವಿಯಿಂದ. ಎರಡು ವರ್ಷದಿಂದ ಅವಳಿಗೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕಥೆಗಳು ಸೊರಗಿದವು.

"ಇಬ್ರೂ ಏನೋ ಮಾತಾಡಿದ್ರು. ಅವನು ಎದ್ದು ಹೋದ."

"ಏನು ಮಾತಾಡಿದ್ರು?"

"ಏನೋ ಒಂದು. ನಂಗೇನು ಗೊತ್ತು?"

ಕಿವಿಗೆ ಯಂತ್ರ ಹಾಕಿಸಿದ್ದೂ ಆಯಿತು. ಅದು ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತದೆ ಅಂತ ಅಕ್ಕ ಅದನ್ನು ಕಿತ್ತು ಗುಂಡಿ ಡಬ್ಬಿಯಲ್ಲಿ ಹಾಕಿಟ್ಟಳು. ಒಮ್ಮೆ ಒಬ್ಬ ದರ್ಜಿ ಅದನ್ನೇ ಕೋಟಿನ ಗುಂಡಿ ಅಂದುಕೊಂಡು ಇಂಥವು ಇನ್ನೈದು ಬೇಕು ಅಂದಿದ್ದನಂತೆ. ಕೊನೆಗೆ ಅಕ್ಕ ಟಿವಿ ಮುಂದೆ ಕೂರುವುದನ್ನೇ ಬಿಟ್ಟಳು. ಸಿನಿಮಾ ಶುರುವಾದರೆ ಎದ್ದು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ತೊಳೆಯುತ್ತಾಳೆ.

ಒಂದು ದಿನ ಭಾವ ನನ್ನ ವ್ಯಾನಿನಲ್ಲಿ ಕೂತು, ಎತ್ತಲೋ ನೋಡುತ್ತ ಹೇಳಿದರು.

"ಬೆಳಿಗ್ಗೆ ಅಂಗಡಿ ಬಿಕೋ ಅನ್ನುತ್ತೆ ಕಣೋ. ಅವಳೂ ಸುಮ್ನೆ, ನಾನೂ ಸುಮ್ನೆ. ಗುಂಡಿ ಬಿದ್ದ ಸದ್ದು ಬಿಟ್ರೆ ಏನೂ ಇಲ್ಲ."

ಭಾವ ಹಾಗೆಲ್ಲ ಮನಸ್ಸು ಬಿಚ್ಚುವವರಲ್ಲ. ನನಗೆ ಕರುಳು ಚುರುಕ್ ಅಂದಿತು. ಆ ಒಂದು ಚುರುಕ್‌ನಿಂದಾಗಿ ಮುಂದಿನ ಹದಿನೈದು ದಿನ ನಾನು ಅನುಭವಿಸಿದ್ದನ್ನು ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ.

ಅಂಗಡಿಗೆ ಒಬ್ಬರು ಹಲ್ಲಿನ ಡಾಕ್ಟರು ಬರುತ್ತಿದ್ದರು, ಬಿಳಿ ಕೋಟಿನ ಗುಂಡಿಗೆ. ಚಿಕ್ಕ ಮನೆಗೆ ಹೋಗುತ್ತಿದ್ದೇನೆ, ಜಾಗವಿಲ್ಲ ಅಂತ ಅವರು ತಮ್ಮ ಹೋಮ್ ಥಿಯೇಟರ್ ಸಾಮಾನನ್ನೆಲ್ಲ ಭಾವನಿಗೆ ಕೊಟ್ಟುಬಿಟ್ಟರು. ಸ್ಪೀಕರುಗಳಿಗೆ ಸದ್ದು ಹಂಚುವ ಒಂದು ದೊಡ್ಡ ರಿಸೀವರ್, ಐದು ಸ್ಪೀಕರ್, ಧಂ ಧಂ ಅನ್ನುವ ಸಬ್‌ವೂಫರ್ ಪೆಟ್ಟಿಗೆ, ಒಂದು ಚೀಲ ಸಿನಿಮಾದ ಬ್ಲೂ-ರೇ ಡಿಸ್ಕ್. ಡಿಸ್ಕ್ ಹಾಕುವ ಪ್ಲೇಯರ್ ಮಾತ್ರ ಕೆಟ್ಟು ಹೋಗಿತ್ತು.

"ಈ ನಡುವಿನ ಸ್ಪೀಕರ್ ಇದೆಯಲ್ಲ, ಮಾತೆಲ್ಲ ಇದರಲ್ಲೇ ಬರುತ್ತೆ, ಸ್ಪಷ್ಟವಾಗಿ," ಅಂದರು ಡಾಕ್ಟರು. "ನಮ್ಮ ತಾಯಿಗೂ ಕಿವಿ ಕಷ್ಟ ಇತ್ತು, ಇದು ಬಂದ ಮೇಲೆ ಕೂತು ನೋಡೋರು. ಒಂದು ಬ್ಲೂ-ರೇ ಪ್ಲೇಯರ್ ತಗೊಳ್ಳಿ. ಆದ್ರೆ ರಿಸೀವರ್‌ಗೆ ಮ್ಯಾಚ್ ಆಗಬೇಕು. ಅದೊಂದು ನೋಡ್ಕೊಳ್ಳಿ."

ಹೋಗಿ ಹೋಗಿ ನಮ್ಮ ಭಾವನಿಗೆ ಈ ಮಾತು ಹೇಳುವುದೇ? ಭಾವನ ಮುಖ ಅರಳಿತು. "ಮ್ಯಾಚಿಂಗ್ ವಿಷಯ ನಂಗೆ ಬಿಡಿ ಡಾಕ್ಟ್ರೇ," ಅಂದರು.

ಮನೆಗೆ ತಂದು ರಿಸೀವರನ್ನು ಬಿಸಿಲಿಗಿಟ್ಟು, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅದು ಇದ್ದಿಲು ಕಪ್ಪು, ಒಳಗೊಳಗೇ ಸ್ವಲ್ಪ ಹಸಿರು ಹೊಡೆಯುತ್ತದೆ ಅಂತ ತೀರ್ಮಾನ ಮಾಡಿದರು. ಆದರೆ ಒಂದು ಅನುಮಾನ ಅವರನ್ನು ಕೊರೆಯುತ್ತಿತ್ತು. ಪ್ಲೇಯರ್ ಬ್ಲೂ. ಇದ್ದಿಲು ಕಪ್ಪಿಗೆ ಬ್ಲೂ ಹೇಗೆ ಹೊಂದುತ್ತದೆ? ನೇವಿ ಬ್ಲೂ ಆದರೆ ಟ್ಯೂಬ್‌ಲೈಟಿನಲ್ಲಿ ನಡೆದೀತು, ಹಗಲಲ್ಲಿ ಬಣ್ಣ ಬಯಲಾಗುತ್ತದೆ. ಇಷ್ಟು ಓದಿದ ಡಾಕ್ಟರಿಗೆ ಇಷ್ಟೂ ತಿಳಿಯಬಾರದೆ ಅಂತ ಮರುಗಿದರು. ಬ್ಲೂ-ರೇ ಅಂದರೆ ಬಣ್ಣವಲ್ಲ ಭಾವ ಅಂತ ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಬಣ್ಣದ ವಿಷಯದಲ್ಲಿ ವ್ಯಾನು ಓಡಿಸುವವನ ಮಾತು ಯಾರು ಕೇಳುತ್ತಾರೆ?

ರಿಸೀವರನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ ದೊಡ್ಡ ಷೋರೂಮಿಗೆ ಹೋದೆವು. ಹೊರುವವನು ನಾನು. ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ಬಂದು, ಗಂಟನ್ನು ನೋಡಿ, ಒಳಗೆ ಏನಿದೆಯೋ ಅಂತ ಒಂದು ಹೆಜ್ಜೆ ಹಿಂದೆ ನಿಂತ.

"ಬ್ಲೂ-ರೇ ಪ್ಲೇಯರ್ ತೋರಿಸಿ," ಅಂದರು ಭಾವ.

ಅವನು ಒಂದನ್ನು ತಂದಿಟ್ಟ.

"ಇದು ಕಪ್ಪಲ್ವಾ?"

"ಹೌದು ಸರ್."

"ಮತ್ತೆ ಬ್ಲೂ ಎಲ್ಲಿ?"

"ಬ್ಲೂ ಒಳಗಿರುತ್ತೆ ಸರ್. ಡಿಸ್ಕ್ ಓದೋ ಬೆಳಕು ನೀಲಿ."

"ಓ, ಒಳಗಿನ ಲೈನಿಂಗ್ ನೀಲಿ ಅನ್ನಿ."

ಸೇಲ್ಸ್‌ಮನ್ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ. ಭಾವನಿಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಲೈನಿಂಗ್ ಯಾವ ಬಣ್ಣವಿದ್ದರೂ ಹೊರಗೆ ಕಾಣುವುದಿಲ್ಲ. ಸೇಲ್ಸ್‌ಮನ್ ಫೋರ್-ಕೆ ಅಂದ, ಡಾಲ್ಬಿ ಅಂದ, ಇನ್ನೂ ಏನೇನೋ ಅಂದ. ಭಾವ ಎಲ್ಲದಕ್ಕೂ ಹೂಂಗುಟ್ಟಿ, ಕೊನೆಗೆ ಅತಿ ವಿನಯದಿಂದ ಕೇಳಿದರು.

"ಇದನ್ನ ಒಂದ್ಸಲ ಬಿಸಿಲಿಗೆ ತಗೊಂಡು ಹೋಗ್ಲಾ?"

ಉತ್ತರಕ್ಕೆ ಕಾಯದೆ ಹೊರಟೇಬಿಟ್ಟರು. ಬಾಗಿಲಲ್ಲಿ ಪೀಂ ಪೀಂ ಅಂತ ಕೂಗಿಕೊಂಡಿತು. ಕಾವಲುಗಾರ ಎದ್ದು ಬಂದ, ಸೇಲ್ಸ್‌ಮನ್ ಓಡಿ ಬಂದ, ಹಿಂದಿನಿಂದ ಗಂಟು ಹೊತ್ತ ನಾನು. ಹೊರಗೆ ಯಾರದೋ ಸ್ಕೂಟರಿನ ಸೀಟಿನ ಮೇಲೆ ಭಾವ ಎರಡನ್ನೂ ಅಕ್ಕಪಕ್ಕ ಇಡಿಸಿದರು. ಕಣ್ಣು ಕಿರಿದು ಮಾಡಿದರು. ದಾರಿಹೋಕರು ನಿಂತರು. ಬಾಂಬು ಗೀಂಬು ಇರಬಹುದು ಅಂತ ಒಬ್ಬ ತನ್ನ ಮಗುವನ್ನು ಎತ್ತಿಕೊಂಡ.

"ಕೆಂಪು ಹೊಡೆಯುತ್ತೆ," ಅಂದರು ಭಾವ. "ಆಗಲ್ಲ."

"ಕೆಂಪಾ? ಸರ್, ಇದು ಬ್ಲ್ಯಾಕ್."

"ನೀವು ಹಾಕಿರೋ ಪ್ಯಾಂಟೂ ಬ್ಲ್ಯಾಕ್ ಅಂತಲೇ ಅಂದ್ಕೊಂಡಿದ್ದೀರಲ್ವಾ?"

ಅವನು ಬಗ್ಗಿ ತನ್ನ ಪ್ಯಾಂಟು ನೋಡಿಕೊಂಡ. ಕಾವಲುಗಾರನೂ ಬಗ್ಗಿ ನೋಡಿದ. ನಾವು ಬರುವಾಗ ಇಬ್ಬರೂ ಅದೇ ಚರ್ಚೆಯಲ್ಲಿದ್ದರು.

ಹೀಗೆ ಊರಿನ ಅಂಗಡಿಗಳನ್ನೆಲ್ಲ ಸುತ್ತಿದೆವು. ಒಂದು ನೀಲಿ ಹೊಡೆಯಿತು, ಇನ್ನೊಂದು ತೀರಾ ಮಿಂಚಿತು, ಮತ್ತೊಂದು ಛತ್ರಿ ಕಪ್ಪು. ಮೋಡ ಬಂದ ದಿನ ಅಂಗಡಿಯ ಮುಂದೆ ವ್ಯಾನಿನಲ್ಲಿ ಕೂತು ಬಿಸಿಲಿಗೆ ಕಾದೆವು. ಮಧ್ಯಾಹ್ನ ಶಾಲೆಯ ಮಕ್ಕಳು ವ್ಯಾನು ಹತ್ತಿ, ಗಂಟು ಕಟ್ಟಿದ ರಿಸೀವರನ್ನು ನೋಡಿ ಪಾಪುಗೆ ಉಸಿರು ಕಟ್ಟಲ್ವಾ ಅಂಕಲ್ ಅಂತ ಕೇಳಿದರು. ಆಗ ನನಗೆ ರೇಗಿಹೋಯಿತು. ಭಾವನನ್ನು ಅವರ ಸಿದ್ಧಾಂತದ ಸಮೇತ ಎಳೆದುಕೊಂಡು ನನಗೆ ಪರಿಚಯದ ರಿಪೇರಿಯವನ ಹತ್ತಿರ ಹೋದೆ.

ರಿಪೇರಿಯವನು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ರಿಸೀವರನ್ನು ಹಿಂದೆ ಮುಂದೆ ತಿರುಗಿಸಿದ.

"ನೀವು ಇಷ್ಟು ದಿನ ಮುಂದೆ ನೋಡಿದ್ರಾ?"

"ಮತ್ತೆ ಮ್ಯಾಚಿಂಗ್ ಎಲ್ಲಿ ನೋಡ್ತಾರೆ?" ಅಂದರು ಭಾವ.

"ಹಿಂದೆ ನೋಡ್ತಾರೆ. ಇದು ಹಳೇ ಕಾಲದ್ದು, ಎಚ್‌ಡಿಎಂಐ ತೂತೇ ಇಲ್ಲ. ಈಗಿನ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಅದೊಂದೇ ಇರುತ್ತೆ. ಮನೆಗೆ ತಗೊಂಡು ಹೋಗಿದ್ರೆ ಚಿತ್ರ ಟಿವಿಗೆ ಬರ್ತಿತ್ತು, ಸೌಂಡ್ ರಿಸೀವರ್‌ಗೆ ಬರ್ತಿರಲಿಲ್ಲ. ಇದರಲ್ಲಿ ಆಪ್ಟಿಕಲ್ ಅಂತ ಈ ಚೌಕದ ತೂತಿದೆ ನೋಡಿ. ಅದಕ್ಕೆ ಹೊಂದೋ ತೂತು ಪ್ಲೇಯರ್ ಹಿಂದೂ ಇರಬೇಕು. ಟಿವಿಗೆ ಒಂದು ವೈರು, ಇದಕ್ಕೆ ಒಂದು ವೈರು."

ಭಾವ ಆ ತೂತನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಟಿಚ್ ಬಟನ್ ಥರ," ಅಂದರು. "ಒಂದು ಕಡೆ ಕುಳಿ, ಒಂದು ಕಡೆ ಮೊಳೆ. ಕೂತ್ರೆ ಟಿಚ್ ಅನ್ನಬೇಕು."

"ಸದ್ಯ, ತಿಳೀತಲ್ಲ," ಅಂದ ಅವನು. ಅಟ್ಟಕ್ಕೆ ಕೈ ಹಾಕಿ ಹಳೇ ಸ್ಟಾಕಿನ ಒಂದು ಪ್ಲೇಯರ್ ಇಳಿಸಿದ. "ಆಪ್ಟಿಕಲ್ ಇರೋದು ನನ್ನ ಹತ್ರ ಇದೊಂದೇ."

ಧೂಳು ಒರೆಸಿದ. ಒಳಗಿನಿಂದ ಹೊರಬಂದದ್ದು ಬಂಗಾರದ ಬಣ್ಣ. ಅದೂ ಅಪ್ಪಟ ಬಂಗಾರವಲ್ಲ, ಹಲ್ಲಿಯ ಹೊಟ್ಟೆಯ ಹಾಗೆ ಏನೋ ಒಂಥರಾ ಗುಲಾಬಿ ಬೆರೆತ ಬಂಗಾರ. ಭಾವ ಅದನ್ನು ಬಿಸಿಲಿಗೆ ಒಯ್ಯಲೂ ಇಲ್ಲ. ಒಯ್ಯುವ ಅಗತ್ಯವೇ ಇರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತರು.

"ಇದನ್ನ ಇದ್ದಿಲು ಕಪ್ಪಿನ ಪಕ್ಕ ಇಡೋದಾ? ನಾನಾ? ಯಾರಾದ್ರೂ ನೋಡಿದ್ರೆ?"

"ಭಾವ, ಅಕ್ಕ ಕೇಳೋದು ಕಿವಿಯಿಂದ," ಅಂದೆ ನಾನು. ದನಿ ನನಗೇ ಗೊತ್ತಿಲ್ಲದೆ ಏರಿತ್ತು. "ನಿಮಗೆ ಬೇಕಾಗಿರೋದು ಬಣ್ಣಾನೋ, ಬೆಳಿಗ್ಗೆ ಕಥೆಯೋ? ಅದೊಂದು ಹೇಳಿಬಿಡಿ. ಈ ಗಂಟು ಹೊತ್ತು ನನ್ನ ಸೊಂಟ ಬಿದ್ದುಹೋಯ್ತು."

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಕಟ್ಟಿ ಕೊಡಪ್ಪ," ಅಂದರು ರಿಪೇರಿಯವನಿಗೆ.

ಭಾನುವಾರ ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಪ್ಲೇಯರ್ ಕಪ್ಪು ಕೋಟು ಹಾಕಿಕೊಂಡು ಕೂತಿತ್ತು. ಭಾವ ಅದಕ್ಕೊಂದು ಗವುಸು ಹೊಲಿದಿದ್ದರು. ಹಸಿರು ಹೊಡೆಯುವ ಇದ್ದಿಲು ಕಪ್ಪಿನ ಬಟ್ಟೆ, ಒಳಗೆ ನೀಲಿ ಲೈನಿಂಗ್. ನಾಲ್ಕು ಮೂಲೆಗೆ ಗುಂಡಿ. ರಿಸೀವರಿನ ಪಕ್ಕದಲ್ಲಿಟ್ಟರೆ ಅಣ್ಣ ತಮ್ಮ ಅನ್ನಬೇಕು.

"ಟಿವಿ ಸಾಮಾನಿಗೆ ಕೋಟು ಹೊಲಿದವರನ್ನ ನಾನು ಇವತ್ತೇ ನೋಡಿದ್ದು," ಅಂದಳು ಅಕ್ಕ.

ವೈರು ಜೋಡಿಸಿದೆ. ಆಪ್ಟಿಕಲ್ ಕೂರುವಾಗ ನಿಜವಾಗಲೂ ಟಿಚ್ ಅಂದಿತು, ಭಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆದರೆ ರಿಮೋಟು ಒತ್ತಿದರೆ ಏನೂ ಆಗಲೊಲ್ಲದು. ನಾನು ಬ್ಯಾಟರಿ ಬದಲಾಯಿಸಿದೆ, ಭಾವ ರಿಮೋಟನ್ನು ಅಂಗೈಗೆ ಬಡಿದರು. ಕೊನೆಗೆ ಅಕ್ಕನೇ ಹೇಳಿದಳು.

"ತಲೆ ತುಂಬ ಮುಸುಕು ಹಾಕಿದ್ರೆ ಅದಕ್ಕೆ ಹೇಗ್ರೀ ಕಾಣಬೇಕು?"

ರಿಮೋಟಿನ ಬೆಳಕು ಹೋಗುವ ಕಡೆ ಬಟ್ಟೆ ಅಡ್ಡ ಇತ್ತು. ಗವುಸು ತೆಗೆದುಬಿಡೋಣ ಅಂದೆ. ಭಾವ ಒಪ್ಪುತ್ತಾರೆಯೇ? ಅಕ್ಕ ಸೂಜಿ ತಂದು, ಪ್ಲೇಯರಿನ ಕಣ್ಣಿರುವ ಕಡೆ ಗುಂಡಿತೂತಿನ ಹಾಗೆ ಒಂದು ಕಾಜಾ ಕತ್ತರಿಸಿ, ಅಂಚಿಗೆ ನೀಟಾಗಿ ದಾರ ಹೊಲಿದಳು. ಆ ಕಾಜಾ ತೂತಿನಿಂದ ಪ್ಲೇಯರ್ ನಮ್ಮನ್ನು ಒಕ್ಕಣ್ಣಿನಿಂದ ನೋಡಿತು. ರಿಮೋಟು ಒತ್ತಿದರೆ ಕೋಟಿನೊಳಗಿಂದ ನಾಲಿಗೆ ಚಾಚಿದ ಹಾಗೆ ಡಿಸ್ಕಿನ ತಟ್ಟೆ ಹೊರಗೆ ಬಂತು.

ಅಕ್ಕ ಚೀಲದಿಂದ ಹಡಗಿನ ಚಿತ್ರವಿದ್ದ ಡಿಸ್ಕ್ ಆರಿಸಿದಳು. ನಡುವಿನ ಸ್ಪೀಕರಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. ಹಿಂದೆ ಸೋಫಾದಲ್ಲಿ ಭಾವ ಮತ್ತು ನಾನು. ಸಬ್‌ವೂಫರ್ ಇಡಲು ಬೇರೆಲ್ಲೂ ಜಾಗವಿಲ್ಲದೆ ಸೋಫಾದ ಕೆಳಗೆ, ಸರಿಯಾಗಿ ಭಾವ ಕೂರುವ ಕಡೆ ತಳ್ಳಿದ್ದೆ.

ಕಥೆ ಒಬ್ಬ ಹಡಗಿನ ಕ್ಯಾಪ್ಟನ್ನನದು. ಶುರುವಿನಲ್ಲೇ ಗಂಡ ಹೆಂಡತಿ ಪಿಸುದನಿಯಲ್ಲಿ ಜಗಳವಾಡುತ್ತಾರೆ. ಅವಳು ಇನ್ನು ನಿನ್ನ ಜೊತೆ ಇರಲಾರೆ, ನೀನು ಹೋದರೆ ಮತ್ತೆ ಬರಬೇಡ ಅನ್ನುತ್ತಾಳೆ. ಅವನು ಬಾಗಿಲು ತೆಗೆದು ಹೋಗುತ್ತಾನೆ. ಇಷ್ಟು ಹೊತ್ತಿಗೆ ಭಾವ ವಾಡಿಕೆಯಂತೆ ಆಕಳಿಸಿ, ಕತ್ತು ವಾಲಿಸಿದ್ದರು. ಆಗ ಹಡಗು ಹೊರಟ ಭೋಂಕಾರ ಬಂತು ನೋಡಿ. ಸೋಫಾ ಸಮೇತ ಭಾವ ಎದ್ದು ಕೂತರು. ಮತ್ತೆ ಕಣ್ಣು ಮುಚ್ಚಿದರೆ ಗುಡುಗು. ಮತ್ತೆ ಮುಚ್ಚಿದರೆ ಬಿರುಗಾಳಿ. ಧಂ ಅಂದಾಗಲೆಲ್ಲ ಅವರ ಕೆನ್ನೆ ಅಲುಗುತ್ತಿತ್ತು. ಹೀಗೆ ನಮ್ಮ ಭಾವ ಜೀವಮಾನದಲ್ಲಿ ಮೊದಲ ಸಲ ಒಂದು ಸಿನಿಮಾವನ್ನು ಕೊನೆಯವರೆಗೆ ನೋಡಿದರು.

ಹಡಗು ಮುಳುಗುತ್ತದೆ. ತುಂಬಾ ದಿನದ ಮೇಲೆ ಗಡ್ಡ ಬಿಟ್ಟ, ಮಳೆಕೋಟಿನ ಮನುಷ್ಯನೊಬ್ಬ ಅವಳ ಬಾಗಿಲು ತಟ್ಟುತ್ತಾನೆ. ಹಡಗಿನ ಕಂಪನಿಯವನು. ನಿಮ್ಮ ಯಜಮಾನರು ಬದುಕಿಲ್ಲ, ಇದೊಂದೇ ಸಿಕ್ಕಿದ್ದು ಅಂತ ಮೆಲ್ಲಗೆ ಹೇಳಿ ಕ್ಯಾಪ್ಟನ್ನನ ಟೋಪಿ ಅವಳ ಕೈಗೆ ಕೊಡುತ್ತಾನೆ. ಅವಳು ಅದನ್ನು ಎದೆಗೆ ಒತ್ತಿಕೊಂಡು ಅಳುತ್ತಾಳೆ. ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಭಾವ ಶರ್ಟಿನ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಕ್ಕ ಎದ್ದು ಕಿಟಕಿಯ ಪರದೆ ಸರಿಸಿ ಇತ್ತ ತಿರುಗುವುದಕ್ಕೂ ಭಾವನಿಂದ ಗೊರಕೆ ಹೊರಡುವುದಕ್ಕೂ ಸರಿಹೋಯಿತು. ಕಳ್ಳ ಗೊರಕೆ. ನಿಜವಾದದ್ದು ಹಾಗಿರುವುದಿಲ್ಲ, ನನಗೆ ಗೊತ್ತು.

"ನೋಡು, ಇಷ್ಟೆಲ್ಲ ಪಾಡುಪಟ್ಟು ಮತ್ತೆ ಮಲಗಿಬಿಟ್ರು," ಅಂದಳು ಅಕ್ಕ. "ಇರ್ಲಿ, ನಾಳೆ ಹೇಳ್ತೀನಿ."

"ನಿಂಗೆ ಕೇಳಿಸ್ತಾ ಅಕ್ಕ?"

"ಒಂದೊಂದು ಮಾತೂ ಕೇಳಿಸ್ತು ಕಣೋ. ಪಕ್ಕದಲ್ಲೇ ಕೂತು ಹೇಳಿದ ಹಾಗೆ."

ಅವಳ ಮುಖ ನೋಡಬೇಕಿತ್ತು. ಹದಿನೈದು ದಿನ ಹೊತ್ತ ಗಂಟಿನ ಭಾರ ನನಗೆ ಮರೆತೇಹೋಯಿತು.

ಮಾರನೇ ದಿನ ಬೆಳಿಗ್ಗೆ ಮಕ್ಕಳನ್ನು ಇಳಿಸಿ ಅಂಗಡಿಗೆ ಹೋದೆ. ಪಕ್ಕದವನ ಷಟರ್ ಇನ್ನೂ ಎತ್ತಿರಲಿಲ್ಲ, ಅವನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ದರ್ಜಿ ಹೆಂಗಸೊಬ್ಬಳು ಕಪ್ಪು ಕೋಟಿನ ಬಟ್ಟೆಗೆ ದಾರ ಕೇಳಿಕೊಂಡು ಬಂದಿದ್ದಳು. ಅಕ್ಕ ಗುಂಡಿ ಡಬ್ಬಿ ಮುಂದಿಟ್ಟುಕೊಂಡು ಶುರು ಮಾಡಿಯಾಗಿತ್ತು.

"ಅವಳು ಹೇಳ್ತಾಳೆ, ಹೊರಗೆ ಚಳಿ ಇದೆ, ಸ್ವೆಟರ್ ಹಾಕ್ಕೊಂಡು ಹೋಗಿ ಅಂತ. ಅವನು ಬೇಡ ಅಂತಾನೆ. ಅಷ್ಟಕ್ಕೇ ಜಗಳ. ಅವಳು, ಹೋದ್ರೆ ಬೇಗ ಬನ್ನಿ ಅಂತಾಳೆ. ಅವನು ಸಿಟ್ಟಲ್ಲಿ ಉತ್ತರಾನೇ ಕೊಡಲ್ಲ."

ನಾನು ಭಾವನ ಕಡೆ ನೋಡಿದೆ. ಅವರು ಉರುಳೆ ಒರೆಸುತ್ತಿದ್ದರು.

"ಆಮೇಲೆ?"

"ಆಮೇಲೆ ಹಡಗು ಮುಳುಗುತ್ತೆ. ಎಲ್ಲರೂ ಅವನು ಸತ್ತ ಅಂದ್ಕೋತಾರೆ. ಅವಳು ಮಾತ್ರ ಬಾಗಿಲು ಕಾಯ್ತಾ ಇರ್ತಾಳೆ. ಒಂದು ದಿನ ಬಂದೇಬಿಟ್ಟ ನೋಡಿ. ಗಡ್ಡ ಬಂದುಬಿಟ್ಟಿದೆ, ಗುರುತೇ ಸಿಗಲ್ಲ."

"ಅಕ್ಕ, ಅವನು ಕಂಪನಿ..." ಅಂದೆ ನಾನು.

ಭಾವ ಒಂದು ಪೆಟ್ಟಿಗೆ ಜಿಪ್ಪನ್ನು ನನ್ನ ತೊಡೆಯ ಮೇಲೆ ದೊಪ್ಪಂತ ಹಾಕಿದರು. "ಇವನ್ನ ಎಣಿಸು," ಅಂದರು. ಅವರು ನನ್ನ ಕಡೆ ನೋಡಿದ ನೋಟಕ್ಕೆ ನಾನು ತಲೆ ತಗ್ಗಿಸಿ ಜಿಪ್ಪು ಎಣಿಸತೊಡಗಿದೆ.

"ಟೋಪಿ ಕೊಡೋವಾಗ ಏನಂದ ಗೊತ್ತಾ ರೀ?" ಅಂದಳು ಅಕ್ಕ. ಅವಳ ಗಂಟಲು ಕ್ಯಾಪ್ಟನ್ನನ ಗಂಟಲಾಯಿತು. "ಇದನ್ನ ನೀನೇ ಇಟ್ಕೋ. ಇನ್ನು ನಾನು ಎಲ್ಲಿಗೂ ಹೋಗಲ್ಲ, ಅಂದ. ಅವಳು ಖುಷಿಗೆ ಅತ್ತೇಬಿಟ್ಲು."

ಅಕ್ಕನ ಕಣ್ಣು ತುಂಬಿತ್ತು. ಭಾವ ಒರೆಸಿದ ಉರುಳೆಯನ್ನೇ ಮತ್ತೆ ಒರೆಸುತ್ತಿದ್ದರು.

"ಯಜಮಾನ್ರೇ, ದಾರ," ಅಂದಳು ದರ್ಜಿ ಹೆಂಗಸು. "ಬಿಸಿಲಿಗೆ ಹೋಗಿ ನೋಡ್ತೀನಿ ಅಂದ್ರಲ್ಲ?"

"ಬೇಡಮ್ಮ, ಮ್ಯಾಚ್ ಆಗುತ್ತೆ, ತಗೊಂಡು ಹೋಗಿ," ಅಂದರು ಭಾವ, ಅತ್ತ ತಿರುಗದೆಯೇ. ಆಮೇಲೆ ಅಕ್ಕನ ಕಡೆ ಸ್ವಲ್ಪ ಬಾಗಿ, ಅವಳಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ, "ಆಮೇಲೆ?" ಅಂದರು.

ಅವಳ ಕೈಯಲ್ಲಿದ್ದ ದಾರ ಮ್ಯಾಚ್ ಆಗುತ್ತಿರಲಿಲ್ಲ. ಅದು ನೇವಿ ಬ್ಲೂ ಅಂತ ವ್ಯಾನು ಓಡಿಸುವ ನನಗೂ ಕಾಣುತ್ತಿತ್ತು.